ಕವಿಯ ದಿನಚರಿ

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಕಾಲೇಜಿನಲ್ಲಿದ್ದಾಗ ನಾಲ್ಕಾರು ಒಳ್ಳೆಯ ಕಥೆಗಳನ್ನು ಬರೆದವನು. ಕಾಫಿ ಕುಡಿದು ಲೋಟವನ್ನು ಕೆಳಗಿಟ್ಟು, "ಸಾರ್, ಬರೆಯುವುದಕ್ಕೆ ಹೊತ್ತೇ ಸಿಕ್ಕುವುದಿಲ್ಲ. ಕೆಲಸ ಬಿಟ್ಟುಬಿಡಲೇ?" ಎಂದು ಕೇಳಿದ. ಅವನ ಚೀಲದಲ್ಲಿ ಒಂದು ಇಂಗ್ಲಿಷ್ ಪುಸ್ತಕವಿತ್ತು. ಕಲೆಯನ್ನು ನಂಬಿದವನು ಎಷ್ಟು ಗಂಟೆಗೆ ಏಳಬೇಕು, ದಿನಕ್ಕೆ ಎಷ್ಟು ಪದ ಬರೆಯಬೇಕು, ಹೆಸರನ್ನೂ ಹಣವನ್ನೂ ಹೇಗೆ ಸಂಪಾದಿಸಬೇಕು ಎಂದು ಹೇಳಿಕೊಡುವ ಜಾತಿಯದು. ಇಂಥ ಪುಸ್ತಕಗಳು ಈಗ ಅಂಗಡಿಗಳಲ್ಲಿ ಧಾರಾಳವಾಗಿ ದೊರೆಯುತ್ತವೆ.

ನಮ್ಮ ಸಾಹಿತಿಗಳಲ್ಲಿ ಹಲವರಿಗೆ ಈ ಮಾತೇ ಹಿಡಿಸುವುದಿಲ್ಲ. ಕಾವ್ಯವೇನು ಗಿರಣಿಯ ಬಟ್ಟೆಯೆ, ಗಜದಲ್ಲಿ ಅಳೆಯುವುದಕ್ಕೆ ಎಂದು ಕೇಳುತ್ತಾರೆ. ಸ್ಫೂರ್ತಿ ಬಂದಾಗ ಬರೆಯುವುದು, ಬಾರದಿದ್ದಾಗ ಸುಮ್ಮನಿರುವುದು ಎಂಬುದು ಅವರ ಸಿದ್ಧಾಂತ. ಇದನ್ನು ಭಾರತೀಯವಾದ ನಿಲುವೆಂದೂ, ವೇಳಾಪಟ್ಟಿಯ ಹುಚ್ಚು ಪಶ್ಚಿಮದಿಂದ ಬಂದದ್ದೆಂದೂ ತಿಳಿದವರುಂಟು. ಈ ತಿಳಿವಳಿಕೆ ಸರಿಯಲ್ಲ. ಕವಿಯ ದಿನವನ್ನು ಜಾವ ಜಾವವಾಗಿ ಹಂಚಿಕೊಟ್ಟ ಗ್ರಂಥವೊಂದು ಸಾವಿರ ವರ್ಷಕ್ಕೂ ಹಿಂದೆ ಸಂಸ್ಕೃತದಲ್ಲಿಯೇ ಹುಟ್ಟಿತ್ತು. ಅದು ರಾಜಶೇಖರನ 'ಕಾವ್ಯಮೀಮಾಂಸೆ'.

ರಾಜಶೇಖರ ಕನೌಜಿನ ಪ್ರತೀಹಾರ ಅರಸರ ಆಸ್ಥಾನದಲ್ಲಿದ್ದವನು, ಕಾಲ ಕ್ರಿ. ಶ. ೯೦೦ರ ಆಸುಪಾಸು. ಪ್ರಾಕೃತದಲ್ಲಿ 'ಕರ್ಪೂರಮಂಜರಿ'ಯನ್ನು ಬರೆದ ನಾಟಕಕಾರ. ನಮ್ಮ 'ಕವಿರಾಜಮಾರ್ಗ' ಇವನಿಗಿಂತ ಸುಮಾರು ಅರ್ಧ ಶತಮಾನ ಹಿಂದಿನದು. ಕನ್ನಡಿಗರ ವಿಚಾರವೂ ಈತನಿಗೆ ತಿಳಿದಿತ್ತು. ರಸ, ರೀತಿ, ಗುಣ ಯಾವುದೇ ಇರಲಿ, ಕರ್ಣಾಟದವರೆಲ್ಲ ಕೊನೆಯಲ್ಲಿ ಟಂಕಾರ ಬರುವಂತೆ ಗರ್ವದಿಂದ ಓದುತ್ತಾರೆಂದು ಬೇರೊಂದು ಅಧ್ಯಾಯದಲ್ಲಿ ಹೇಳಿದ್ದಾನೆ. ನಮ್ಮ ಕವಿಗೋಷ್ಠಿಗಳಿಗೆ ಹೋಗಿಬಂದವರು ಈ ಮಾತನ್ನು ಅಲ್ಲಗಳೆಯುವುದು ಕಷ್ಟ.

ಆತನ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಕವಿಯ ದಿನಚರಿ ಬರುತ್ತದೆ. ಹಗಲಿಗೆ ನಾಲ್ಕು ಜಾವ, ಇರುಳಿಗೆ ನಾಲ್ಕು ಜಾವ. ಬೆಳಗ್ಗೆ ಎದ್ದು ಸಂಧ್ಯೆ ಮುಗಿಸಿ, ಸರಸ್ವತಿಯನ್ನು ಸ್ತುತಿಸಿ, ಓದಿನ ಕೋಣೆಯಲ್ಲಿ ಕುಳಿತು ಮೊದಲ ಜಾವ ಶಾಸ್ತ್ರಗಳನ್ನು ಅಭ್ಯಾಸ ಮಾಡಬೇಕು. ಎರಡನೆಯ ಜಾವ ಕಾವ್ಯರಚನೆ. ನಡುಹಗಲಿನ ಹೊತ್ತಿಗೆ ಸ್ನಾನ, ಊಟ. ಊಟದ ಮೇಲೆ ಮೂರನೆಯ ಜಾವದಲ್ಲಿ ಕಾವ್ಯಗೋಷ್ಠಿ: ಪ್ರಶ್ನೋತ್ತರ, ಸಮಸ್ಯಾಪೂರಣ ಮುಂತಾದುವು. ನಾಲ್ಕನೆಯ ಜಾವದಲ್ಲಿ ಒಬ್ಬನೇ ಆಗಲಿ, ನಂಬಿಕೆಯ ಕೆಲವರೊಡನೆ ಆಗಲಿ ಕುಳಿತು ಬೆಳಗ್ಗೆ ಬರೆದುದನ್ನು ಪರೀಕ್ಷಿಸಬೇಕು. ಹೆಚ್ಚಾದುದನ್ನು ತೆಗೆಯುವುದು, ಕಡಮೆಯಾದುದನ್ನು ತುಂಬುವುದು, ಸ್ಥಾನ ತಪ್ಪಿದುದನ್ನು ಸರಿಪಡಿಸುವುದು ಆಗಿನ ಕೆಲಸ. ಇರುಳಿನ ಮೊದಲ ಜಾವದಲ್ಲಿ ಹೀಗೆ ತಿದ್ದಿದುದನ್ನು ಬರೆದಿಡಬೇಕು. ಮುಂದಿನ ಎರಡು ಜಾವ ಚೆನ್ನಾಗಿ ನಿದ್ದೆ ಮಾಡಬೇಕು. ಒಳ್ಳೆಯ ನಿದ್ದೆಯಿಂದ ಶರೀರಕ್ಕೆ ಆರೋಗ್ಯ ಎಂದು ಕಾರಣವನ್ನೂ ಕೊಡುತ್ತಾನೆ. ಕೊನೆಯ ಜಾವದಲ್ಲಿ ಎಚ್ಚರ.

ಈ ಪಟ್ಟಿಯಲ್ಲಿ ನಾನು ಮುಖ್ಯವೆಂದು ಎಣಿಸುವುದು ಒಂದು ಲೆಕ್ಕ. ಎಂಟು ಜಾವಗಳಲ್ಲಿ ಹೊಸದನ್ನು ಬರೆಯುವುದಕ್ಕೆ ದೊರೆತಿರುವುದು ಒಂದೇ ಜಾವ. ಓದಿಗೆ ಒಂದು, ಮಾತಿಗೆ ಒಂದು, ತಿದ್ದುವುದಕ್ಕೆ ಒಂದು, ಪ್ರತಿ ಮಾಡುವುದಕ್ಕೆ ಒಂದು. ರಸಾವೇಶದಿಂದ ಬರೆಯುತ್ತಿರುವಾಗ ವಿವೇಚನೆಯ ಕಣ್ಣು ತೆರೆದಿರುವುದಿಲ್ಲ. ಆದ್ದರಿಂದ ಪರೀಕ್ಷೆ ಆಮೇಲೆ ನಡೆಯಬೇಕು ಎಂಬುದು ಅವನ ವಾದ. ಬರೆಯುವವನೂ ತಿದ್ದುವವನೂ ಒಬ್ಬನೇ ಆದರೂ ಇಬ್ಬರೂ ಒಂದೇ ಹೊತ್ತಿನಲ್ಲಿ ಮನೆಯಲ್ಲಿರಲಾರರು. ಇಷ್ಟು ಸೂಕ್ಷ್ಮವಾದ ಮನಶ್ಶಾಸ್ತ್ರ ಇಂದಿನ ಸಲಹೆಯ ಪುಸ್ತಕಗಳಲ್ಲಿ ನನಗೆ ಅಪರೂಪವಾಗಿ ಕಂಡಿದೆ. ಅವು ಎಷ್ಟು ಬರೆದೆ ಎಂದು ಕೇಳುತ್ತವೆ; ಬರೆದುದನ್ನು ಮತ್ತೆ ನೋಡಿದೆಯಾ ಎಂದು ಕೇಳುವುದು ಕಡಮೆ.

ಪದಗಳನ್ನು ಎಣಿಸುವ ಈ ಸಂಪ್ರದಾಯಕ್ಕೆ ಹಿರಿಯನೆಂದರೆ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್. ಅವನ ಆತ್ಮಕಥೆ ಅವನು ತೀರಿಕೊಂಡ ಮರುವರ್ಷ, ೧೮೮೩ರಲ್ಲಿ ಪ್ರಕಟವಾಯಿತು. ಅಂಚೆ ಇಲಾಖೆಯ ಅಧಿಕಾರಿಯಾಗಿದ್ದ ಆತ ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂರುತ್ತಿದ್ದ. ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ ೨೫೦ ಪದಗಳಂತೆ ಬರೆಯುತ್ತಿದ್ದ. ಹೀಗೆ ೪೭ ಕಾದಂಬರಿಗಳಾದವು. ಅಷ್ಟಕ್ಕೇ ನಿಲ್ಲದೆ, ಪುಸ್ತಕಗಳಿಂದ ಬಂದ ಹಣವನ್ನು ಒಂದೊಂದಾಗಿ ಪಟ್ಟಿಮಾಡಿ ಕೂಡಿಸಿ, ಮೊತ್ತ ೬೮,೯೩೯ ಪೌಂಡ್ ೧೭ ಷಿಲಿಂಗ್ ೫ ಪೆನ್ಸ್ ಎಂದು ಅಚ್ಚು ಹಾಕಿಸಿದ. ಚಮ್ಮಾರ ಜೋಡು ಹೊಲಿಯುವಂತೆ ಕಾದಂಬರಿ ಬರೆದವನು ಎಂದು ರಸಿಕರು ಮೂಗು ಮುರಿದರು. ಅವನ ಕೀರ್ತಿಗೆ ಈ ಪುಸ್ತಕದಿಂದಲೇ ಪೆಟ್ಟು ಬಿತ್ತೆಂದು ಹೇಳುವವರಿದ್ದಾರೆ.

ಟ್ರಾಲಪ್‌ನನ್ನು ಅವನ ಹೆಸರು ಹೇಳುವವರು ಸರಿಯಾಗಿ ಓದಿಲ್ಲವೆಂದು ನನ್ನ ಭಾವನೆ. ಬೆಳಗಿನ ಮೂರು ಗಂಟೆಗಳಲ್ಲಿ ಮೊದಲ ಅರ್ಧ ಗಂಟೆಯನ್ನು ಅವನು ಹಿಂದಿನ ದಿನ ಬರೆದುದನ್ನು ಓದಿ, ವಾಕ್ಯಗಳ ನಾದವನ್ನು ಕಿವಿಯಿಂದ ತೂಗಿ ನೋಡುವುದಕ್ಕೆ ಮೀಸಲಿಟ್ಟಿದ್ದ. ಇದು ರಾಜಶೇಖರನ ನಾಲ್ಕನೆಯ ಜಾವದ ಚಿಕ್ಕ ರೂಪವೇ ಅಲ್ಲವೆ? ಗಡಿಯಾರವನ್ನು ನೆನಪಿಟ್ಟವರು ಈ ಅರ್ಧ ಗಂಟೆಯನ್ನು ಮರೆತರು. ಇನ್ನೊಂದನ್ನೂ ಮರೆತರು. ಅವನ ಮೊದಲ ಕಾದಂಬರಿ ಅಚ್ಚಾದದ್ದು ೧೮೪೭ರಲ್ಲಿ. ಅಂಚೆಯ ಕೆಲಸವನ್ನು ಬಿಟ್ಟದ್ದು ೧೮೬೭ರಲ್ಲಿ. ಬರವಣಿಗೆಯೂ ನೌಕರಿಯೂ ಇಪ್ಪತ್ತು ವರ್ಷ ಜೊತೆಯಾಗಿ ನಡೆದುವು.

ರಾಜಶೇಖರನಲ್ಲಿ ನೌಕರಿಯ ಕವಿಗೆ ಸ್ಥಾನವಿದೆಯೆ? ಇದೆ. ಕಾಲದ ಅನುಕೂಲವನ್ನು ನೋಡಿ ಅವನು ಕವಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ. ಸೂರ್ಯನನ್ನು ಕಾಣದೆ ಒಳಗೇ ಕುಳಿತು ಬರೆಯುವವನು ಒಬ್ಬ. ಮನಸ್ಸು ತೊಡಗಿದಾಗ ಕುಳಿತು ಬರೆಯುವವನು ಒಬ್ಬ. ಸೇವೆ ಮೊದಲಾದ ಕರ್ತವ್ಯಗಳಿಗೆ ಅಡ್ಡಿ ಬಾರದಂತೆ ಬಿಡುವು ನೋಡಿ ಬರೆಯುವವನು ಒಬ್ಬ. ಯಾವುದಾದರೂ ಸಂದರ್ಭ ಒದಗಿದಾಗ ಬರೆಯುವವನು ಇನ್ನೊಬ್ಬ. ಮೂರನೆಯವನಿಗೆ 'ದತ್ತಾವಸರ' ಎಂದು ಹೆಸರು. ಈತನಿಗೆ ದೊರೆಯುವ ಹೊತ್ತುಗಳನ್ನೂ ಹೇಳಿದ್ದಾನೆ: ಬೆಳಗಿನ ಜಾವದ ಕೊನೆಯ ಪಾಲು, ಊಟವಾದ ಮೇಲಿನ ಹೊತ್ತು, ಪಲ್ಲಕ್ಕಿಯಲ್ಲಿ ದೂರ ಪ್ರಯಾಣ ಮಾಡುವಾಗಿನ ಹೊತ್ತು. ಟ್ರಾಲಪ್ ರೈಲಿನಲ್ಲಿ ತೊಡೆಯ ಮೇಲೆ ಹಲಗೆಯಿಟ್ಟುಕೊಂಡು ಸೀಸದಕಡ್ಡಿಯಿಂದ ಬರೆಯುತ್ತಿದ್ದುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪಲ್ಲಕ್ಕಿ ಹೋಗಿ ರೈಲು ಬಂತು. ಇಂದು ನಮಗೆ ಬಸ್ಸಿದೆ. ನಮ್ಮ ಸಾಹಿತಿಗಳಲ್ಲಿ ಹೆಚ್ಚಿನವರು ದತ್ತಾವಸರರೇ. ಮಾಸ್ತಿಯವರು ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದುಕೊಂಡೇ ಸಣ್ಣಕಥೆಗಳನ್ನು ಬರೆದರು. ಕುವೆಂಪು ಅಧ್ಯಾಪನದ ನಡುವೆ ಮಹಾಕಾವ್ಯವನ್ನು ರಚಿಸಿದರು. ಬಿಡುವಿನಲ್ಲಿ ಬರೆದವನು ಅರೆಕವಿ ಎಂಬ ಕೀಳರಿಮೆಗೆ ಕಾರಣವಿಲ್ಲ.

ಇಷ್ಟು ಹೇಳಿದ ಮೇಲೆ ರಾಜಶೇಖರನ ಕೊರತೆಯನ್ನೂ ಹೇಳಬೇಕು. ಅವನ ಕವಿಯ ಮನೆ ಆರು ಋತುಗಳಿಗೂ ಒಪ್ಪುವಂಥದು. ಸುತ್ತ ತೋಟ, ಕೊಳ, ಕ್ರೀಡಾಪರ್ವತ. ಆಳುಗಳು ಅಪಭ್ರಂಶವನ್ನೂ ದಾಸಿಯರು ಮಾಗಧಿಯನ್ನೂ ಆಡಬೇಕು. ಲಿಪಿಕಾರನು ಎಲ್ಲ ಭಾಷೆಗಳನ್ನೂ ಬಲ್ಲವನಾಗಿ, ಅಕ್ಷರ ಅಂದವಾಗಿದ್ದು, ತಾನೂ ಕವಿಯಾಗಿರಬೇಕು. ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿರುವ ನಮ್ಮ ಲೇಖಕನಿಗೆ ಇದು ನಗೆ ತರಿಸೀತು. ಹೆಂಗಸರೂ ಗಂಡಸರಂತೆ ಕವಿಗಳಾಗಬಹುದು, ಸಂಸ್ಕಾರ ಆತ್ಮಕ್ಕೆ ಸೇರಿದ್ದು ಎಂದು ಈತ ಧೀರವಾಗಿ ಹೇಳಿದ. ಹೆಂಡತಿ ಅವಂತಿಸುಂದರಿಯ ಅಭಿಪ್ರಾಯಗಳನ್ನು ಹೆಸರಿಟ್ಟು ಉದ್ಧರಿಸಿದ. ಆದರೆ ನಡುಹಗಲಿನ ಊಟವನ್ನು ಅಟ್ಟವರು ಯಾರು ಎಂಬ ಪ್ರಶ್ನೆ ದಿನಚರಿಯಲ್ಲಿ ಏಳುವುದಿಲ್ಲ. ಟ್ರಾಲಪ್‌ನನ್ನೂ ಬೆಳಗ್ಗೆ ಕಾಫಿ ಕೊಟ್ಟು ಎಬ್ಬಿಸುತ್ತಿದ್ದವನು ವರ್ಷಕ್ಕೆ ಐದು ಪೌಂಡ್ ಹೆಚ್ಚಿಗೆ ಪಡೆಯುತ್ತಿದ್ದ ಮುದುಕ ಆಳು. ರೈಲಿನಲ್ಲಿ ಬರೆದುದನ್ನು ಪ್ರತಿ ಮಾಡುತ್ತಿದ್ದವಳು ಹೆಂಡತಿ. ಟ್ರಾಲಪ್ ಇದನ್ನು ಮುಚ್ಚಿಡಲಿಲ್ಲ. ಆಳಿಗೆ ತನ್ನ ಋಣ ದೊಡ್ಡದೆಂದು ಒಪ್ಪಿಕೊಂಡ. ಒಬ್ಬನ ದಿನಚರಿಯ ಹಿಂದೆ ಇನ್ನೊಬ್ಬರ ದುಡಿಮೆ ಇರುತ್ತದೆಂಬುದನ್ನು ಮರೆತ ಸಲಹೆ ಅರ್ಧ ಸಲಹೆ.

ಅರಸನ ಆಶ್ರಯ ತಪ್ಪಿದ ಮೇಲೆ ಕವಿ ಬದುಕುವುದು ಹೇಗೆ ಎಂಬುದಕ್ಕೂ ರಾಜಶೇಖರನಲ್ಲಿ ಉತ್ತರವಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು, ಅ. ನ. ಕೃ. ಲೇಖನಿಯನ್ನೇ ನೆಚ್ಚಿ ಸಂಸಾರ ಸಾಗಿಸಿದರು. ಇಂಥವರ ಅನುಭವವನ್ನು ಟ್ರಾಲಪ್‌ನಂತೆ ರೂಪಾಯಿ ಆಣೆಯ ಲೆಕ್ಕದೊಡನೆ ಯಾರಾದರೂ ಬರೆದಿಟ್ಟಿದ್ದರೆ, ಕನ್ನಡದ ಎಳೆಯ ಲೇಖಕನಿಗೆ ಅದು ಹತ್ತು ಇಂಗ್ಲಿಷ್ ಪುಸ್ತಕಗಳಿಗಿಂತ ಹೆಚ್ಚಿನ ಉಪಕಾರವಾಗುತ್ತಿತ್ತು.

ಆದರೂ ಅಪಾಯಗಳನ್ನು ಎಣಿಸುವುದರಲ್ಲಿ ರಾಜಶೇಖರನನ್ನು ಮೀರಿಸುವವರಿಲ್ಲ. ಬಡತನ, ವ್ಯಸನ, ಅನಾದರ, ದುರದೃಷ್ಟ, ದುಷ್ಟರಲ್ಲಿಯೂ ದ್ವೇಷಿಗಳಲ್ಲಿಯೂ ನಂಬಿಕೆ: ಇವು ಕಾವ್ಯಕ್ಕೆ ಐದು ಮಹಾವಿಪತ್ತುಗಳು. ಹೊಸ ರಚನೆಯನ್ನು ಒಬ್ಬನ ಮುಂದೆ ಮಾತ್ರ ಓದಬಾರದು. ಅವನು ತನ್ನದೆಂದು ಹೇಳಿಕೊಂಡರೆ ಸಾಕ್ಷಿ ಯಾರು? ಮುಗಿದ ಕೃತಿಗೆ ಹಲವು ಪ್ರತಿಗಳನ್ನು ಮಾಡಿಸಬೇಕು. ಕೃತಿಯ ನಾಶಕ್ಕೆ ಬೆಂಕಿ, ನೀರು, ದೇಶದ ಕ್ಷೋಭೆಗಳ ಜೊತೆಗೆ ಇನ್ನೊಂದು ಕಾರಣವನ್ನೂ ಸೇರಿಸುತ್ತಾನೆ. ಆಮೇಲೆ ಮುಗಿಸುತ್ತೇನೆ, ಆಮೇಲೆ ತಿದ್ದುತ್ತೇನೆ, ಗೆಳೆಯರೊಡನೆ ಕೂತು ಚರ್ಚಿಸುತ್ತೇನೆ ಎನ್ನುವ ಕರ್ತೃವಿನ ಡೋಲಾಯಮಾನ ಸ್ಥಿತಿಯೇ ಅದು. ಈ ಭಾಗವನ್ನು ತರಗತಿಯಲ್ಲಿ ವಿವರಿಸುವಾಗಲೆಲ್ಲ ನನಗೆ ನಮ್ಮ ಮನೆಯ ಬೀರುವಿನಲ್ಲಿ ಹನ್ನೊಂದು ವರ್ಷದಿಂದ ಬಟ್ಟೆ ಕಟ್ಟಿಟ್ಟಿರುವ ಒಂದು ಹಸ್ತಪ್ರತಿಯ ನೆನಪು ಬರುತ್ತದೆ. ಅದಕ್ಕೆ ಬೆಂಕಿ ಬಿದ್ದಿಲ್ಲ, ನೀರು ತಾಕಿಲ್ಲ.

ವಿಧಿಯ ಆಟವನ್ನೂ ನೋಡಬೇಕು. 'ಕಾವ್ಯಮೀಮಾಂಸೆ' ಹದಿನೆಂಟು ಅಧಿಕರಣಗಳ ಗ್ರಂಥವಾಗಬೇಕೆಂದು ಅದರ ಆರಂಭದಲ್ಲಿಯೇ ಹೇಳಿದೆ. ೧೯೧೬ರಲ್ಲಿ ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯ ಮೊದಲ ಪುಸ್ತಕವಾಗಿ ಅದು ಅಚ್ಚಾದಾಗ ದೊರೆತಿದ್ದದ್ದು ಮೊದಲ ಅಧಿಕರಣ ಒಂದೇ. ಉಳಿದ ಹದಿನೇಳು ನಷ್ಟವಾದವೋ, ಆಮೇಲೆ ಬರೆಯುತ್ತೇನೆಂದು ಕವಿ ಹಾಗೆಯೇ ಬಿಟ್ಟನೋ! ಸಲಹೆ ಕೊಟ್ಟವನೂ ಸಲಹೆಗೆ ಸಿಕ್ಕುವವನೇ. ಇದರಿಂದ ಸಲಹೆಯ ಬೆಲೆ ಕಡಮೆಯಾಗಲಿಲ್ಲ. ಅದು ಎಷ್ಟು ಅಗತ್ಯವೆಂಬುದೇ ತಿಳಿಯಿತು.

ಬರವಣಿಗೆಯ ಸಾಧನಗಳನ್ನು ಪಟ್ಟಿಮಾಡುವಾಗ ಈತ ಹಲಗೆ, ಬಳಪ, ತಾಳೆಗರಿ, ಕಂಠ, ಮಸಿಕುಡಿಕೆ ಎಲ್ಲವನ್ನೂ ಹೇಳಿ, ಇವು ಸಾಧನಗಳೆಂಬುದು ಆಚಾರ್ಯರ ಮತ, ಪ್ರತಿಭೆಯೇ ಸಾಧನವೆಂಬುದು ತನ್ನ ಮತ ಎಂದು ಮುಗಿಸುತ್ತಾನೆ. ಆದರೂ ಪಟ್ಟಿಯನ್ನು ಹೊಡೆದುಹಾಕಲಿಲ್ಲ. ದಿನಚರಿ ಪ್ರತಿಭೆಯನ್ನು ಕೊಡಲಾರದು. ಇದ್ದ ಪ್ರತಿಭೆ ಪೋಲಾಗದಂತೆ ಕಾಯಬಲ್ಲದು. ಸಲಹೆಯ ಪುಸ್ತಕಗಳಿಂದ ಇದಕ್ಕಿಂತ ಹೆಚ್ಚನ್ನು ಬಯಸಬಾರದು, ಕಡಮೆಯನ್ನೂ ಒಪ್ಪಬಾರದು.

ಆ ಹುಡುಗನಿಗೆ ನಾನು ಹೇಳಿದ್ದಿಷ್ಟು: "ಕೆಲಸ ಬಿಡಬೇಡ. ಬೆಳಗ್ಗೆ ಒಂದು ಗಂಟೆ ಬರೆ. ಭಾನುವಾರ ಮಧ್ಯಾಹ್ನ ಹೊಸದೇನನ್ನೂ ಬರೆಯದೆ ವಾರದ ಬರಹವನ್ನು ತಿದ್ದು. ಆ ಹೊತ್ತಿಗೆ ಮನೆಯ ಕೆಲಸವನ್ನು ಯಾರು ಹೊರುತ್ತಾರೆಂದು ಮೊದಲೇ ಮನೆಯವರೊಡನೆ ಮಾತಾಡಿಕೊ." ಹೋದ ವಾರ ಅವನ ಕಾಗದ ಬಂತು. ಕಥೆ ಇನ್ನೂ ಮುಗಿದಿಲ್ಲವಂತೆ. ಭಾನುವಾರ ಕುಳಿತು ಎರಡು ಪುಟ ಹೊಡೆದುಹಾಕಿದನಂತೆ. ಒಳ್ಳೆಯ ಸುದ್ದಿ ಎಂದು ಉತ್ತರ ಬರೆದಿದ್ದೇನೆ. ಬೀರುವಿನ ಗಂಟನ್ನೂ ಕೆಳಗೆ ಇಳಿಸಿದ್ದೇನೆ.