ಮಿಂದವರ ಲೆಕ್ಕ, ಮಡಿದವರ ಲೆಕ್ಕ



2025ರ ಜನವರಿ 29, ಮೌನಿ ಅಮಾವಾಸ್ಯೆ. ಪ್ರಯಾಗದ ಮಹಾಕುಂಭದಲ್ಲಿ ಅಂದು ನಡುರಾತ್ರಿ ಕಳೆದು ಒಂದು-ಎರಡು ಗಂಟೆಯ ನಡುವೆ, ಬ್ರಾಹ್ಮೀ ಮುಹೂರ್ತವನ್ನು ಕಾಯುತ್ತ ಸಂಗಮದ ದಂಡೆಯಲ್ಲಿ ಮಲಗಿದ್ದ ಯಾತ್ರಿಕರ ಮೇಲೆ, ತಡೆಬೇಲಿಗಳನ್ನು ಮುರಿದು ಬಂದ ಜನಪ್ರವಾಹ ಹರಿಯಿತು. ನಮ್ಮ ಬೆಳಗಾವಿಯಿಂದ ಹೋಗಿದ್ದ ನಾಲ್ವರೂ ಅಲ್ಲಿ ಅಸುನೀಗಿದರು. ಆ ದುಃಖತಪ್ತ ಕುಟುಂಬಗಳಿಗೆ ನಮ್ಮ ಸಂತಾಪ ಸಲ್ಲಲೇಬೇಕು. ಆದರೆ ಸಂತಾಪ ಸೂಚಿಸಿ ಸುಮ್ಮನಾಗುವ ವಿಷಯವಿದಲ್ಲ. ದುರಂತದ ತರುವಾಯ ಆಳುವವರು ನಡೆದುಕೊಂಡ ರೀತಿಯನ್ನು ವಿಚಾರಿಸುವುದು ಅವಶ್ಯವಾಗಿದೆ.

ಅಂದು ಬೆಳಗಿನಿಂದಲೇ, ಎಷ್ಟು ಕೋಟಿ ಜನ ಮಿಂದರೆಂಬ ಲೆಕ್ಕವನ್ನು ಸರ್ಕಾರವು ಆಗಾಗ ಪ್ರಕಟಿಸುತ್ತಲೇ ಇತ್ತು. ದಿನದ ಕೊನೆಗೆ ಆ ಸಂಖ್ಯೆ 7 ಕೋಟಿಯನ್ನು ಮೀರಿತು. ಮಡಿದವರ ಲೆಕ್ಕ ಮಾತ್ರ ಸಂಜೆಯವರೆಗೂ ಹೊರಬೀಳಲಿಲ್ಲ. ವದಂತಿಗೆ ಕಿವಿಗೊಡಬೇಡಿರೆಂಬ ಉಪದೇಶವು ಮುಂಜಾನೆಯೇ ಬಂದಿತು. ಸತ್ಯವು ಬಾಯಿ ಮುಚ್ಚಿಕೊಂಡೆಡೆಯಲ್ಲಿ ವದಂತಿಯು ಮಾತನಾಡದೆ ಇದ್ದೀತೆ? 30 ಜನ ಮೃತರು, 60 ಜನ ಗಾಯಾಳುಗಳು ಎಂಬ ಅಧಿಕೃತ ಹೇಳಿಕೆ ಬರುವಷ್ಟರಲ್ಲಿ ಹದಿನಾರು ಗಂಟೆಗಳು ಕಳೆದಿದ್ದವು. ಅಷ್ಟು ಹೊತ್ತೂ ತಾಯಿಯನ್ನು ಕಳೆದುಕೊಂಡ ಮಗನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯಬೇಕಾಯಿತು. ಮುಂದೆ ಜೂನ್ ತಿಂಗಳಲ್ಲಿ ಬಿಬಿಸಿ ಸುದ್ದಿಸಂಸ್ಥೆಯು ಮೃತರ ಮನೆಗಳನ್ನು ಹುಡುಕಿ ಹೋಗಿ, ಸತ್ತವರು ಕನಿಷ್ಠ 82 ಎಂದು ವರದಿ ಮಾಡಿತು. ಅದೇ ತಿಂಗಳು ಅಲಹಾಬಾದ್ ಉಚ್ಚ ನ್ಯಾಯಾಲಯವು ಪರಿಹಾರಧನದ ವಿಳಂಬವನ್ನು ಆಕ್ಷೇಪಿಸಿತು.

ಸರ್ಕಾರವು ಏನನ್ನೂ ಮಾಡಲಿಲ್ಲವೆಂದರೆ ಅನ್ಯಾಯವಾದೀತು. ನಿವೃತ್ತ ನ್ಯಾಯಮೂರ್ತಿ ಹರ್ಷಕುಮಾರರ ನೇತೃತ್ವದಲ್ಲಿ ಆಯೋಗ ನೇಮಕವಾಯಿತು. ಮೃತರ ಕುಟುಂಬಕ್ಕೆ ತಲಾ 25 ಲಕ್ಷ ರೂಪಾಯಿ ಘೋಷಣೆಯಾಯಿತು. ಗಣ್ಯರ ವಿಶೇಷ ಪಾಸುಗಳು ರದ್ದಾದವು. ಈ ಕೊನೆಯ ಕ್ರಮವನ್ನು ವಾಚಕರು ಗಮನಿಸಬೇಕು. ದುರಂತದ ತರುವಾಯ ಕೊಟ್ಟ ಮದ್ದು ಇದಾದರೆ, ಮೊದಲಿದ್ದ ರೋಗ ಯಾವುದೆಂಬುದು ತಾನೇ ವೇದ್ಯ. ಇದೇನು ಹೊಸ ಪಾಠವೂ ಅಲ್ಲ. 1954ರ ಫೆಬ್ರವರಿ 3ರಂದು, ಇದೇ ಪ್ರಯಾಗದಲ್ಲಿ, ಇದೇ ಮೌನಿ ಅಮಾವಾಸ್ಯೆಯಂದು ನೂರಾರು ಜನ ಮಡಿದಾಗ, ಮುಖ್ಯ ಸ್ನಾನದ ದಿನಗಳಲ್ಲಿ ಗಣ್ಯರು ಕುಂಭಕ್ಕೆ ಬರಬಾರದೆಂದು ಪ್ರಧಾನಿ ನೆಹರೂ ಅವರೇ ಹೇಳಿದ್ದರು. ಎಪ್ಪತ್ತೊಂದು ವರ್ಷ ಕಳೆದರೂ ಆ ಮಾತು ಕಾಗದದಿಂದ ಆಚರಣೆಗೆ ಇಳಿದಿರಲಿಲ್ಲ.

ಜನರ ಆತುರವೇ ಕಾರಣವೆನ್ನುವವರೂ ಉಂಟು. ಒಂದು ಚದರ ಮೀಟರು ನೆಲದಲ್ಲಿ ಆರೇಳು ಜನ ಒತ್ತಿ ನಿಂತಾಗ ಯಾರ ಕಾಲೂ ಯಾರ ಸ್ವಾಧೀನದಲ್ಲೂ ಇರುವುದಿಲ್ಲ. ಎದೆ ಅದುಮಿ, ನಿಂತಲ್ಲಿಯೇ ಉಸಿರು ಕಟ್ಟುತ್ತದೆ. ಅಷ್ಟು ಜನ ಒಂದೆಡೆ ಸೇರದಂತೆ ದಾರಿಗಳನ್ನು ತೆರೆದಿಡುವುದು ವ್ಯವಸ್ಥೆ ಮಾಡುವವರ ಹೊಣೆ, ಯಾತ್ರಿಕನದಲ್ಲ. ಸಂಗಮದಲ್ಲಿ ಸತ್ತವರಿಗೆ ಮೋಕ್ಷ ದೊರೆಯಿತೆಂದು ಸಾಂತ್ವನ ಹೇಳಿದ ಉಪದೇಶಕರೂ ಇದ್ದರು. ಕಾಯವನ್ನು ಪರಶಿವನ ನೆಲೆಯೆಂದು ಗೌರವಿಸುವ ಶರಣಪರಂಪರೆಯವರಾದ ನಾವು ಈ ಮಾತನ್ನು ಒಪ್ಪಲಾರೆವು. ಅಜಾಗರೂಕತೆಯ ಫಲಕ್ಕೆ ಮೋಕ್ಷವೆಂದು ಹೆಸರಿಡುವುದು ಧರ್ಮಕ್ಕೇ ಅಪಚಾರ. ಹಾಗೆಯೇ, ಶರಣರು ತೀರ್ಥಸ್ನಾನಕ್ಕೆ ಬೆಲೆ ಕೊಡಲಿಲ್ಲವೆಂದು ಹೇಳಿ ನಾವು ಕೈತೊಳೆದುಕೊಳ್ಳುವುದೂ ಸಲ್ಲದು. ನಂಬಿ ಹೋದವರು ನಮ್ಮವರೇ. ದಯೆಯಿಲ್ಲದೆಡೆ ತತ್ತ್ವಕ್ಕೆ ಸ್ಥಾನವಿಲ್ಲ.

ಕೊನೆಯದಾಗಿ ಒಂದು ಆತ್ಮವಿಮರ್ಶೆ. ಜಾತ್ರೆಯ ದಾಸೋಹದಲ್ಲಿ ಎಷ್ಟು ಲಕ್ಷ ಜನ ಪ್ರಸಾದ ಸ್ವೀಕರಿಸಿದರೆಂದು ನಾವೂ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ತೇರಿನ ಬೀದಿಯಿಂದ ಹೊರಹೋಗುವ ದಾರಿಗಳೆಷ್ಟು, ತಪ್ಪಿಸಿಕೊಂಡವರ ಹೆಸರು ಬರೆದುಕೊಳ್ಳುವವರಾರು ಎಂದು ಕೇಳಿದರೆ ಉತ್ತರವಿದೆಯೆ? ಪ್ರತಿವರ್ಷ ಸೇವೆಗೆ ಬರುವ ಹಳೆಯ ವಿದ್ಯಾರ್ಥಿಗಳು ಈ ಬಾರಿ ಮೊದಲು ಈ ಎರಡು ಕೆಲಸಗಳನ್ನು ವಹಿಸಿಕೊಳ್ಳಲಿ. ಮಿಂದವರನ್ನೂ ಉಂಡವರನ್ನೂ ಎಣಿಸುವುದರಲ್ಲಿ ದೋಷವಿಲ್ಲ. ಮಡಿದವರನ್ನು ಅಷ್ಟೇ ಪ್ರಾಮಾಣಿಕವಾಗಿ ಎಣಿಸಿ, ಹೆಸರು ಹಿಡಿದು ಹೇಳಿ, ಅವರವರ ಮನೆಗೆ ಮುಟ್ಟಿಸುವುದು ಅಧಿಕಾರದಲ್ಲಿರುವವರ ಮೊದಲ ಕಾಯಕವಾಗಬೇಕು. ಇದೇ ನಮ್ಮ ಅರಿಕೆ.