ನಿರ್ದೇಶಕ ಮಂಡಳಿಗಳ ವೈವಿಧ್ಯ: ಸಂಶೋಧನೆಯ ಒಂದು ಸಮೀಕ್ಷೆ

ಕಂಪನಿಗಳ ನಿರ್ದೇಶಕ ಮಂಡಳಿಗಳಲ್ಲಿ ಎಂಥವರು ಕುಳಿತಿರುತ್ತಾರೆಂಬ ವಿಷಯವಾಗಿ ಈ ಶತಮಾನದಲ್ಲಿ ಹೇರಳವಾದ ಸಂಶೋಧನೆ ನಡೆದಿದೆ. ಅದರ ಬಹುಭಾಗ ಮಾತ್ರ ಒಂದೇ ಪ್ರಶ್ನೆಯ ಸುತ್ತ ಗಾಣದೆತ್ತಿನಂತೆ ತಿರುಗುತ್ತಿದೆ: ಮಹಿಳೆಯರು ಮಂಡಳಿಗೆ ಬಂದರೆ ಲಾಭವು ಹೆಚ್ಚುವುದೋ, ತಗ್ಗುವುದೋ?

ನಾರ್ವೆ ದೇಶವು 2003ರಲ್ಲಿ ಶಾಸನಮಾಡಿ, ದೊಡ್ಡ ಸಾರ್ವಜನಿಕ ಕಂಪನಿಗಳ ಮಂಡಳಿಗಳಲ್ಲಿ ಸ್ತ್ರೀಪುರುಷರಿಬ್ಬರಿಗೂ ಸುಮಾರು ಶೇಕಡಾ 40ರಷ್ಟಾದರೂ ಸ್ಥಾನವಿರಬೇಕೆಂದು ವಿಧಿಸಿತು. ಆ ಸುದ್ದಿಯಿಂದ ಷೇರುಗಳ ಬೆಲೆ ಕುಸಿಯಿತೆಂದು ಅಹರ್ನ್ ಮತ್ತು ಡಿಟ್‌ಮಾರ್ 2012ರಲ್ಲಿ ಬರೆದರು. ಎಕ್‌ಬೋ ಮೊದಲಾದ ಮೂವರು ಅದನ್ನೇ ಮರಳಿ ಶೋಧಿಸಿ, ಅಂಥ ಪರಿಣಾಮಕ್ಕೆ ಸಾಕಷ್ಟು ಆಧಾರವಿಲ್ಲವೆಂದು 2022ರಲ್ಲಿ ಸಾರಿದರು. ಇವೆರಡರ ನಡುವೆ, 2015ರಲ್ಲಿ, ಪೋಸ್ಟ್ ಮತ್ತು ಬೈರನ್ 140 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಲೆಕ್ಕಪತ್ರದ ಲಾಭದೊಡನೆ ಅಲ್ಪ ಸಂಬಂಧವೂ ಪೇಟೆಯ ಬೆಲೆಯೊಡನೆ ಶೂನ್ಯಪ್ರಾಯ ಸಂಬಂಧವೂ ಕಂಡುಬಂದವು. ಪ್ರಶ್ನೆಯಲ್ಲಿಯೇ ಒಂದು ವಕ್ರತೆಯಿದೆ. ಪುರುಷ ನಿರ್ದೇಶಕನು ತನ್ನ ಪುರುಷತ್ವದಿಂದ ಕಂಪನಿಗೆಷ್ಟು ಗಳಿಸಿಕೊಟ್ಟನೆಂದು ಲೆಕ್ಕವಿಟ್ಟವರುಂಟೆ?

ಇದಕ್ಕಿಂತ ಆಡಮ್ಸ್ ಮತ್ತು ಫೆರೇರಾ ಅವರ 2009ರ ಪ್ರಬಂಧವು ಮೇಲು. ಅವರೂ ಲಾಭದ ಲೆಕ್ಕವನ್ನು ಬಿಟ್ಟವರಲ್ಲ. ಆದರೆ ಅಮೆರಿಕೆಯ ಕಂಪನಿಗಳಲ್ಲಿ ಸಭೆಗಳ ಹಾಜರಿಯನ್ನು ಪರಿಶೀಲಿಸಿ, ಮಹಿಳೆಯರು ಹೆಚ್ಚು ತಪ್ಪದೆ ಬರುವರೆಂದೂ ಅವರಿರುವಲ್ಲಿ ಪುರುಷರ ಹಾಜರಿಯೂ ಸುಧಾರಿಸುವುದೆಂದೂ ಕಂಡರು. ಮಂಡಳಿಯ ಬಾಗಿಲನ್ನು ದಾಟಿ ಒಳಗೆ ಇಣುಕಿದ ಸಂಶೋಧನೆಯಿದು.

ಭಾರತದಲ್ಲಿ 2013ರ ಕಂಪನಿ ಕಾಯಿದೆಯು ಷೇರುಪೇಟೆಯ ಕಂಪನಿಗಳಿಗೆ ಒಬ್ಬ ಮಹಿಳಾ ನಿರ್ದೇಶಕಿಯನ್ನಾದರೂ ಕಡ್ಡಾಯ ಮಾಡಿತು. ಆಕೆ ಒಡೆಯರ ಮನೆಯವಳಾಗಿರಕೂಡದೆಂದು ಮಾತ್ರ ಹೇಳಲಿಲ್ಲ. ಹಲವೆಡೆ ಮಡದಿಯೋ ಮಗಳೋ ಆ ಕುರ್ಚಿಯಲ್ಲಿ ಕುಳಿತದ್ದಾಯಿತು. ಅತಿ ದೊಡ್ಡ 500 ಕಂಪನಿಗಳಲ್ಲಿ ಸ್ವತಂತ್ರ ನಿರ್ದೇಶಕಿಯೇ ಇರಬೇಕೆಂಬ ಸೆಬಿಯ ನಿಯಮ ಜಾರಿಗೆ ಬರಲು 2019ರ ಏಪ್ರಿಲ್ ಬರಬೇಕಾಯಿತು. ಬರಿಯ ತಲೆಯೆಣಿಕೆಯ ಪ್ರಬಂಧಗಳಿಗೆ ಮಾತ್ರ ಮಡದಿಯೂ ಒಂದೇ, ಹೊರಗಿನ ಪರಿಣತೆಯೂ ಒಂದೇ.

ಲಿಂಗವನ್ನು ಎಣಿಸಿದಷ್ಟು ಸುಲಭವಾಗಿ ಜಾತಿಯನ್ನು ಎಣಿಸಲಾಗದು. ಆ ಸಾಹಸವನ್ನು ಕೈಗೊಂಡ ಅಜಿತ್, ಡಾಂಕರ್, ಸಕ್ಸೇನಾ ಇವರ ಲೇಖನವು 2012ರಲ್ಲಿ ಮುಂಬಯಿಯ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟವಾಯಿತು. 1000 ಕಂಪನಿಗಳ 9000ಕ್ಕೂ ಮೀರಿದ ನಿರ್ದೇಶಕರಲ್ಲಿ ಶೇಕಡಾ 90ಕ್ಕಿಂತ ಹೆಚ್ಚಿನವರು ಮೇಲುಜಾತಿಗಳವರೆಂಬುದು ಅವರ ನಿರ್ಣಯ. ಅದಕ್ಕೆ ಆಧಾರ ಅಡ್ಡಹೆಸರು. ಕನ್ನಡಿಗರಿಗೆ ಈ ಸಾಧನದ ದೌರ್ಬಲ್ಯವನ್ನು ವಿವರಿಸಬೇಕಾಗಿಲ್ಲ. ಪಾಟೀಲರು ಲಿಂಗಾಯತರಲ್ಲಿಯೂ ಮರಾಠರಲ್ಲಿಯೂ ಜೈನರಲ್ಲಿಯೂ ಮುಸಲ್ಮಾನರಲ್ಲಿಯೂ ಇದ್ದಾರೆ. ಹಳೆಯ ಮೈಸೂರಿನವರ ಹೆಸರಿನ ಹಿಂದೆ ಊರಿನ, ತಂದೆಯ ಮೊದಲಕ್ಷರಗಳಲ್ಲದೆ ಬೇರೇನೂ ಇರದಿರುವುದೂ ಉಂಟು. ಆದರೂ ಇಷ್ಟು ದೊಡ್ಡ ಅಂತರವನ್ನು ಇಂಥ ದೋಷಗಳು ಅಳಿಸಿಹಾಕಲಾರವು. ಶೇಕಡಾ 90ರ ಸ್ಥಾನದಲ್ಲಿ 80 ಎಂದಿಟ್ಟುಕೊಂಡರೂ ಚಿತ್ರವು ಹೆಚ್ಚೇನೂ ಬದಲಾಗದು.

ನಿರ್ದೇಶಕರ ಹಾಜರಿಯನ್ನೂ ಅವರವರೊಳಗಿನ ನಂಟನ್ನೂ ಷೇರುಪೇಟೆಯ ಕಂಪನಿಗಳು ವಾರ್ಷಿಕ ವರದಿಯಲ್ಲಿ ಪ್ರಕಟಿಸಬೇಕೆಂಬ ನಿಯಮವಿದೆ. ಆದುದರಿಂದ ಮಡದಿಯನ್ನೂ ಪರಿಣತೆಯನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಜಾತಿಗೆ ಆ ವರದಿಯಲ್ಲಿ ಅಂಕಣವಿಲ್ಲ. ಅಲ್ಲಿ ಸಂಶೋಧಕನು ಇನ್ನೂ ಅಡ್ಡಹೆಸರನ್ನೇ ಹಿಡಿದು ನಡೆಯಬೇಕಾಗಿದೆ.