ದಾರಿಯ ಶಾಸ್ತ್ರವೂ ಅದರ ಅಧಿಕಾರಿಯೂ

ಹಿಲರಿ ಬ್ರಾಡ್ಟ್ ಮತ್ತು ಜಾರ್ಜ್ ಬ್ರಾಡ್ಟ್ ಎಂಬ ದಂಪತಿಗಳು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ, ಯಾವ ಪ್ರವಾಸಸಂಸ್ಥೆಯ ಆಶ್ರಯವನ್ನೂ ಬೇಡದೆ, ಡೇರೆಬುತ್ತಿಗಳನ್ನು ತಾವೇ ಹೊತ್ತು ನಡೆದು, ಕಂಡುಕೊಂಡ ದಾರಿಗಳನ್ನು ಒಂದು ಕಿರಿಯ ಇಂಗ್ಲೀಷು ಗ್ರಂಥವನ್ನಾಗಿ 1974ರಲ್ಲಿ ಪ್ರಕಟಿಸಿದರು. ಪೆರು ಮತ್ತು ಬೊಲಿವಿಯ ದೇಶಗಳ ಪುರಾತನ ಮಾರ್ಗಗಳಲ್ಲಿ ಬೆನ್ನಹೊರೆಯೊಡನೆ ನಡೆಯುವುದು ಎಂಬುದೇ ಅದರ ಹೆಸರಿನ ತಾತ್ಪರ್ಯ. ಅಮೆಜಾನಿನ ಉಪನದಿಯೊಂದರಲ್ಲಿ ತೇಲಿಹೋಗುತ್ತಿದ್ದ ಸರಕುದೋಣಿಯ ಮೇಲೆ ಕುಳಿತು ದಂಪತಿಗಳು ಇದನ್ನು ಬರೆದರೆಂದು ಪ್ರಸಿದ್ಧಿಯಿದೆ. ಈ ಒಂದು ಪುಸ್ತಕದ ಬೆನ್ನಿಗೇ ಬೆಳೆದ ಪ್ರಕಾಶನವನ್ನು ಮುಂದೆ ಹಿಲರಿಯವರು ಇಂಗ್ಲೆಂಡಿನಲ್ಲಿ ದೀರ್ಘಕಾಲ ನಡೆಸಿದರು.

ಇಂತಹ ಪುಸ್ತಕವನ್ನು ವಿಮರ್ಶೆಯ ತಕ್ಕಡಿಯಲ್ಲಿ ತೂಗಬೇಕೆ ಎಂದು ಕೆಲವರು ಮೂಗು ಮುರಿಯಬಹುದು. ಆದರೆ ದಾರಿ ಹೇಳುವುದು ಕವಿಗಳಿಗೂ ಹೊಸದಲ್ಲ. ಮೇಘದೂತದ ಪೂರ್ವಭಾಗವೆಲ್ಲ ರಾಮಗಿರಿಯಿಂದ ಅಲಕೆಯವರೆಗಿನ ಮಾರ್ಗಕಥನವಷ್ಟೆ. ಅಲ್ಲಿ ದಾರಿ ಹೇಳುವ ಯಕ್ಷನು ಒಂದು ಹೆಜ್ಜೆಯನ್ನೂ ಇಡಲಾರನು. ಇಲ್ಲಿ ಹೇಳುವವರು ನಡೆದು ಕಾಲು ನೋಯಿಸಿಕೊಂಡವರು. ಅದು ಕಾವ್ಯ, ಇದು ಶಾಸ್ತ್ರ. ಆದುದರಿಂದ ಇದರಲ್ಲಿ ರಸವನ್ನು ಅರಸುವುದು ಅನುಚಿತ. ಶಾಸ್ತ್ರಗ್ರಂಥದ ಆರಂಭದಲ್ಲಿ ಹಿಂದಿನವರು ಕೇಳುತ್ತಿದ್ದ ನಾಲ್ಕು ಪ್ರಶ್ನೆಗಳನ್ನೇ ಇಲ್ಲಿಯೂ ಕೇಳಬೇಕು: ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅಧಿಕಾರಿ ಯಾರು? ಮೊದಲ ಮೂರಕ್ಕೆ ಉತ್ತರವು ಸುಲಭ. ತೊಡಕಿರುವುದು ನಾಲ್ಕನೆಯದರಲ್ಲಿ.

ವಿಷಯವನ್ನು ಒಂದು ಹಾದಿಯಿಂದಲೇ ತಿಳಿಯಬಹುದು. ಕುಸ್ಕೊ ನಗರದಿಂದ ಹೊರಡುವ ರೈಲುದಾರಿಯ 88ನೆಯ ಕಿಲೋಮೀಟರಿನಲ್ಲಿ ಇಳಿದು, ಉರುಬಂಬ ನದಿಯನ್ನು ದಾಟಿ, ಬೆಟ್ಟವೇರಿ, ಮೂರು ನಾಲ್ಕು ದಿನ ನಡೆದರೆ ಮಾಚು ಪಿಚುವಿನ ಹಾಳು ಪಟ್ಟಣಕ್ಕೆ ಮೇಲುಗಡೆಯಿಂದ ಇಳಿದು ಬರಬಹುದು. ನಡುವೆ ದಾಟಬೇಕಾದ ವಾರ್ಮಿವಾನ್ಯುಸ್ಕ ಎಂಬ ಕಣಿವೆಯು ಸಮುದ್ರಮಟ್ಟದಿಂದ 4,215 ಮೀಟರು ಎತ್ತರದಲ್ಲಿದೆ. ಕೆಚುವ ಭಾಷೆಯಲ್ಲಿ ಆ ಹೆಸರಿಗೆ ಸತ್ತ ಹೆಂಗಸು ಎಂದರ್ಥ. ಅಲ್ಲಿ ವಾಯುವಿನ ಒತ್ತಡವು ಕಡಲತೀರದಲ್ಲಿರುವುದರ ಸುಮಾರು ಐದರಲ್ಲಿ ಮೂರು ಪಾಲು ಮಾತ್ರ. ತಲೆ ಸಿಡಿಯುವುದು, ಹೊಟ್ಟೆ ತೊಳಸುವುದು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಬೇಕಾಗುವುದು. ಇಂಕ ಜನರು ಬಂಡಿಯ ಗಾಲಿಯನ್ನು ಬಳಸಿದವರಲ್ಲ. ಮನುಷ್ಯನ ಕಾಲಿಗೂ ಲಾಮಾ ಎಂಬ ಹೊರೆಮೃಗದ ಪಾದಕ್ಕೂ ತಕ್ಕಂತೆ ಕಲ್ಲು ಹಾಸಿ, ಕಡಿದಾದೆಡೆ ಮೆಟ್ಟಿಲು ಕಟ್ಟಿದರು. ಇಂತಹ ದಾರಿಗಳ ಜಾಲವು 30,000 ಕಿಲೋಮೀಟರಿಗೂ ಮಿಕ್ಕಿತ್ತು.

ಈ ಹಾದಿಯನ್ನು ದಂಪತಿಗಳು ಕಂಡುಹಿಡಿದರೆನ್ನುವುದು ಅತಿಶಯೋಕ್ತಿ. ಹೈರಮ್ ಬಿಂಗಮ್ 1915ರಲ್ಲಿಯೇ ಇದರ ಒಂದು ಭಾಗವನ್ನು ಶೋಧಿಸಿದ್ದನು. 1940-41ರಲ್ಲಿ ಪಾಲ್ ಫೆಯೋಶ್ ಎಂಬವನ ತಂಡವು ಇಲ್ಲಿಯ ಹಾಳುಗುಡಿಗಳ ಕಾಡು ಕಡಿಸಿತು. ಕಣಿವೆಯ ರೈತರಂತೂ ಯಾರ ಅಪ್ಪಣೆಗೂ ಕಾಯದೆ ಅಲ್ಲಿ ಓಡಾಡಿಕೊಂಡೇ ಇದ್ದರು. ಆದರೆ ಸಾಮಾನ್ಯ ಪಾದಚಾರಿಗೆಂದು ಈ ದಾರಿಯನ್ನು ಇಂಗ್ಲೀಷಿನಲ್ಲಿ ವಿವರಿಸಿದ ಮೊದಲ ಪುಸ್ತಕಗಳ ಸಾಲಿನಲ್ಲಿ ಬ್ರಾಡ್ಟ್ ದಂಪತಿಗಳದು ಸೇರುತ್ತದೆ. ಅದರ ಮಹತ್ವವೂ ತೊಡಕೂ ಇಲ್ಲಿಂದಲೇ ಹೊರಡುತ್ತವೆ.

ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ ಮಾರ್ಗದರ್ಶಿಯ ಜೀವವು ವಿಧಿವಾಕ್ಯ, ಸ್ತುತಿಯೆಲ್ಲ ಅರ್ಥವಾದ. ಇಂದಿನ ಪ್ರವಾಸದ ಪ್ರಚಾರಪತ್ರಗಳಲ್ಲಿ ಅರ್ಥವಾದವೇ ತುಂಬಿ ವಿಧಿಯು ಮಾಯವಾಗಿದೆ. ನಡೆದವರು ಬರೆದಲ್ಲಿ ಈ ದೋಷವು ಕಡಮೆ. ಕರ್ತೃಗಳು ಇಬ್ಬರಾಗಿರುವುದೂ ಗುಣವೇ. ಜಯಾದಿತ್ಯ-ವಾಮನರ ಕಾಶಿಕಾವೃತ್ತಿಯಲ್ಲಿ ಯಾರ ಭಾಗವೆಷ್ಟು ಎಂದು ಪಂಡಿತರು ಚರ್ಚಿಸುವಂತೆ ಇಲ್ಲಿಯೂ ಚರ್ಚಿಸಬಹುದಾದರೂ, ಒಬ್ಬರ ಉತ್ಪ್ರೇಕ್ಷೆಗೆ ಇನ್ನೊಬ್ಬರ ದಣಿವೇ ಸಾಕ್ಷಿಯಾಗಿರುವಾಗ ದಾರಿಯು ಕಾಗದದ ಮೇಲೆ ಸುಲಭವಾಗಿಬಿಡುವ ಅಪಾಯವು ಕಡಮೆ.

ಇನ್ನು ಅಧಿಕಾರಿಯ ಪ್ರಶ್ನೆ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂಬುದನ್ನು ಹೆಸರೇ ಸೂಚಿಸುತ್ತದೆ: ತನ್ನ ಹೊರೆಯನ್ನು ತನ್ನ ಬೆನ್ನ ಮೇಲೆ ಹೊರುವವನು. ಆದರೆ ಅಚ್ಚಾದ ಪುಸ್ತಕವು ಗುರುಮುಖದ ಪಾಠವಲ್ಲ. ಕಾಸು ಕೊಟ್ಟವರಿಗೆಲ್ಲ ಅದು ದೊರೆಯುತ್ತದೆ. ಈ ಪುಸ್ತಕದ ಹಿಂದೆಯೇ ಇನ್ನೂ ಹತ್ತಾರು ಬಂದುವು. ದಾರಿಯಲ್ಲಿ ಜನವು ಕಿಕ್ಕಿರಿಯಿತು. ಕಸ ಬಿದ್ದಿತು, ಕಲ್ಲು ಸವೆಯಿತು. ಕಡೆಗೆ 2001ರಲ್ಲಿ ಪೆರು ಸರ್ಕಾರವು ಕಟ್ಟುನಿಟ್ಟನ್ನು ತಂದಿತು. ಅಂದಿನಿಂದ ಪರವಾನಗಿಯುಳ್ಳ ಮಾರ್ಗದರ್ಶಕರಿಲ್ಲದೆ ಈ ಹಾದಿಯಲ್ಲಿ ನಡೆಯುವಂತಿಲ್ಲ. ದಿನಕ್ಕೆ 500 ಮಂದಿಗೆ ಮಾತ್ರ ಪ್ರವೇಶವೆಂದು ಗೊತ್ತಾಯಿತು. ಫೆಬ್ರವರಿಯಲ್ಲಿ ದುರಸ್ತಿಗಾಗಿ ದಾರಿಯನ್ನು ಮುಚ್ಚುತ್ತಾರೆ. ಸ್ವತಂತ್ರ ಸಂಚಾರವನ್ನು ಬೋಧಿಸಿದ ಗ್ರಂಥದ ಅತಿಪ್ರಸಿದ್ಧ ಮಾರ್ಗದಲ್ಲಿಯೇ ಸ್ವತಂತ್ರ ಸಂಚಾರವು ನಿಷಿದ್ಧವಾಯಿತು.

ದೋಷವೆಲ್ಲ ಗ್ರಂಥದ್ದೇ ಎನ್ನುವವರಿದ್ದಾರೆ. ಅದು ನ್ಯಾಯವಲ್ಲ. ಗುಟ್ಟಾಗಿಟ್ಟಿದ್ದರೆ ದಾರಿ ಉಳಿಯುತ್ತಿತ್ತೆಂಬ ವಾದವು, ಉಳ್ಳವರಿಗೂ ಪಂಡಿತರಿಗೂ ಮಾತ್ರ ಅದು ಮೀಸಲಾಗಿರಲಿ ಎಂಬುದರ ಇನ್ನೊಂದು ರೂಪವಷ್ಟೆ. ಕೈಯಲ್ಲಿ ಹೆಚ್ಚು ಹಣವಿಲ್ಲದ ಇಬ್ಬರು ನಡೆದು ಬಂದು, ತಮ್ಮಂತಹ ಇತರರಿಗೂ ಹೇಳಿದುದು ಉದಾರತೆಯೇ ಸರಿ.

ಆಕ್ಷೇಪಿಸಬೇಕಾದುದು ಬೇರೆ ಇದೆ. ಆ 500ರಲ್ಲಿ ಪ್ರವಾಸಿಗಳು ಸುಮಾರು 200 ಮಂದಿ ಮಾತ್ರ. ಮಿಕ್ಕವರು ಮಾರ್ಗದರ್ಶಕರು, ಅಡಿಗೆಯವರು, ಬಹುಪಾಲು ಹೊರೆಯಾಳುಗಳು. ಡೇರೆ, ಒಲೆ, ಮೇಜು, ಕುರ್ಚಿಗಳನ್ನು ಹೊತ್ತ ಹಳ್ಳಿಗರು ಪ್ರವಾಸಿಗಿಂತ ಮುಂಚೆ ಕಣಿವೆಯನ್ನೇರಿ, ಅವನು ಏದುತ್ತ ಬರುವ ವೇಳೆಗೆ ಬಿಸಿನೀರನ್ನು ಸಿದ್ಧವಾಗಿಟ್ಟಿರುತ್ತಾರೆ. ಅವರ ಹೊರೆಯು 20 ಕಿಲೋಗ್ರಾಮನ್ನು ಮೀರಬಾರದೆಂದು ಅದೇ 2001ರಲ್ಲಿ ಕಾಯಿದೆಯನ್ನೇ ಮಾಡಬೇಕಾಗಿ ಬಂದುದು, ಅದಕ್ಕೆ ಮುಂಚೆ ಎಷ್ಟು ಹೊರಿಸುತ್ತಿದ್ದರೆಂಬುದಕ್ಕೆ ಸಾಕಷ್ಟು ಸೂಚನೆ. ಕೂಲಿಯು ಅವರ ಮನೆ ನಡೆಸುತ್ತದೆ. ಅದನ್ನು ತಪ್ಪಿಸಬೇಕೆಂದು ಯಾರೂ ಹೇಳಲಾರರು. ಆದರೆ ದಂಪತಿಗಳ ನಡಿಗೆಯಲ್ಲಿ ಕಷ್ಟವೂ ಕಾಣ್ಕೆಯೂ ಒಬ್ಬರಲ್ಲಿಯೇ ಕೂಡಿದ್ದುವು. ಈಗ ಕಷ್ಟವು ಹೊರುವವನಿಗೆ, ಕಾಣ್ಕೆಯು ಕಾಸು ಕೊಟ್ಟವನಿಗೆ ಎಂದು ಪಾಲಾಗಿದೆ. ಹೊರುವವನು ಬರೆದ ಮಾರ್ಗಕಥನವು ವಾಚಕರ ಕೈಗೆ ಬರುವವರೆಗೆ ಆಂಡೀಸಿನ ಪ್ರವಾಸಸಾಹಿತ್ಯವು ಅರ್ಧ ಮಾತ್ರವೆಂದೇ ಎಣಿಸಬೇಕು.

ಹಿಲರಿಯವರು ಕ್ಯಾತಿ ಜಾರ್ವಿಸ್ ಎಂಬವರೊಡನೆ ಸೇರಿ 2014ರಲ್ಲಿ ಪೆರುವಿನ 50 ನಡಿಗೆಗಳ ಮಾರ್ಗದರ್ಶಿಯೊಂದನ್ನು ಹೊರತಂದರು. ಜನವು ಒಂದೇ ಹಾದಿಗೆ ಮುಗಿಬೀಳದಂತೆ ಇಷ್ಟು ದಾರಿಗಳಿಗೆ ಹಂಚಿಹೋದರೆ ಒಳ್ಳೆಯದೇ. ಆ ಪುಸ್ತಕದ ಹೆಸರಿನಲ್ಲಿ ಬೆನ್ನಹೊರೆ ಎಂಬ ಮಾತು ಇಲ್ಲ.